ಐನ್‌ಮನೆ ಇಲ್ಲದವರ ಬೀದಿ

ಕೊಡಗಿನ ಪೇಟೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋದರೆ ಅರ್ಧ ಚರಿತ್ರೆ ಅಲ್ಲೇ ಸಿಕ್ಕಿಬಿಡುತ್ತದೆ. ಮಡಿಕೇರಿಯಲ್ಲಿ ಅರಸ ಮುದ್ದುರಾಜನ ಹೆಸರು ಅಡಗಿದೆ. ಅದರೊಳಗಿನ ಮಹದೇವಪೇಟೆಗೆ ರಾಣಿ ಮಹದೇವಮ್ಮಾಜಿಯ ಹೆಸರು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು ವೀರರಾಜಪೇಟೆ. ಕುಶಾಲನಗರವನ್ನು ಹಳಬರು ಬಹಳ ಕಾಲ ಫ್ರೇಜರ್‌ಪೇಟೆ ಎಂದೇ ಕರೆದರು. 1834ರಲ್ಲಿ ಕೊಡಗನ್ನು ಕಂಪನಿ ಸರ್ಕಾರದ ಕೈಗೆ ತಂದುಕೊಟ್ಟ ಕರ್ನಲ್ ಫ್ರೇಜರ್‌ನ ನೆನಪು ಅದು. ಸೋಮವಾರಪೇಟೆ, ಶನಿವಾರಸಂತೆಗಳು ವಾರದ ಹೆಸರನ್ನು ಹೊತ್ತಿವೆ. ಮಡಿಕೇರಿ ಮತ್ತು ಕುಶಾಲನಗರದ ನಡುದಾರಿಯಲ್ಲಿ ಇನ್ನೊಂದು ಪೇಟೆಯಿದೆ. ಅದರ ಹೆಸರಿನಲ್ಲಿ ಅರಸನಿಲ್ಲ, ರಾಣಿಯಿಲ್ಲ, ಸಾಹೇಬನೂ ಇಲ್ಲ. ಇರುವುದು ಒಂದು ಗೆಡ್ಡೆ. ಶುಂಠಿ.

ಹಳೆಯ ಬರಹಗಳಲ್ಲಿ ಶುಂಠಿಕೊಪ್ಪ, ಜನರ ಬಾಯಲ್ಲಿ ಸುಂಟಿಕೊಪ್ಪ. ಕೊಪ್ಪ ಅಂದರೆ ನಾಲ್ಕಾರು ಮನೆಗಳ ಸಣ್ಣ ಊರು. ಈಗ ಅದು ಬಂಟ್ವಾಳ–ಮೈಸೂರು–ಬೆಂಗಳೂರು ಹೆದ್ದಾರಿಯ ಮೇಲಿನ ಹೋಬಳಿ ಪಟ್ಟಣ, ಕುಶಾಲನಗರ ತಾಲ್ಲೂಕಿಗೆ ಸೇರಿದ್ದು. ಮಡಿಕೇರಿಗೆ ಪ್ರವಾಸ ಬರುವವರ ಗಾಡಿಗಳು ಇಲ್ಲಿ ನಿಧಾನವಾಗುತ್ತವೆ, ಒಂದು ಕಾಫಿ ಕುಡಿಯುವಷ್ಟು ಹೊತ್ತು ನಿಂತರೂ ನಿಲ್ಲಬಹುದು, ಹೊರಟುಬಿಡುತ್ತವೆ. ನೋಡುವುದಕ್ಕೆ ಇಲ್ಲಿ ಕೋಟೆಯಿಲ್ಲ, ಗದ್ದಿಗೆಯಿಲ್ಲ, ಜಲಪಾತವಿಲ್ಲ. ಇರುವುದು ಮನೆಗಳು, ಅಂಗಡಿಗಳು, ಜನ. ಆದರೆ ಕಾಫಿ ಕೊಡಗನ್ನು ಹೇಗೆ ಬದಲಿಸಿತು, ಕೈಲಿ ಏನೂ ಇಲ್ಲದೆ ಘಟ್ಟ ಹತ್ತಿದ ಜನ ಇಲ್ಲಿ ಹೇಗೆ ಊರಾದರು ಎಂಬುದನ್ನು ತಿಳಿಯಬೇಕಾದರೆ ಈ ಬೀದಿಯಲ್ಲೇ ಇಳಿಯಬೇಕು.

ಬೀದಿ ಇಲ್ಲದ ನಾಡು

ಹಳೆಯ ಕೊಡಗಿನಲ್ಲಿ ಬೀದಿಯೆಂಬುದು ಅಪರೂಪ. ಬಯಲುಸೀಮೆಯ ಹಳ್ಳಿಯ ಹಾಗೆ ಮನೆಗೆ ಮನೆ ತಾಗಿಕೊಂಡು, ನಡುವೆ ಅರಳಿಕಟ್ಟೆ ಇಟ್ಟುಕೊಂಡು ಬಾಳುವ ಪದ್ಧತಿ ಇಲ್ಲಿಯದಲ್ಲ. ಕೆಳಗೆ ಗದ್ದೆಯ ಬಯಲು, ಅದರ ಅಂಚಿಗೆ ಏರುವ ದಿಣ್ಣೆ, ದಿಣ್ಣೆಯ ಮೇಲೆ ಒಂದೇ ಒಂದು ಐನ್‌ಮನೆ, ಅಂದರೆ ಇಡೀ ಒಕ್ಕದ (ಮನೆತನದ) ಮೂಲಮನೆ. ಆ ಮನೆಗೆ ಹೋಗಲು ಎರಡು ಬದಿಯ ಮಣ್ಣುಗೋಡೆಯ ನಡುವೆ ಸಾಗುವ ಓಣಿ. ಪಕ್ಕದಲ್ಲಿ ಗತಿಸಿದ ಹಿರಿಯರ ಗುಡಿ, ಕೈಮಡ. ಒಕ್ಕದ ಹೆಸರೇ ವಿಳಾಸ. ಇಂಥ ನಾಡಿನಲ್ಲಿ ಪೇಟೆಯೆಂದರೆ ಹೊರಗಿನಿಂದ ಬಂದವರ ಜಾಗ. ಅಕ್ಕಸಾಲಿಗ, ಬಟ್ಟೆ ವ್ಯಾಪಾರಿ, ಉಪ್ಪು ಮೆಣಸು ತಂದು ಮಾರುವವನು, ಅರಸನ ಸೈನ್ಯದ ಹಿಂದೆ ಬಂದವನು, ಎಲ್ಲರೂ ಪೇಟೆಯವರು. ಕೊಡಗನ್ನಾಳಿದ ಹಾಲೇರಿ ಅರಸರು ಪೇಟೆ ಕಟ್ಟಿಸಿದ್ದೂ ಇಂಥವರಿಗಾಗಿಯೇ. ಆ ಅರಸರ ಮೂಲ ನೆಲೆಯಾದ ಹಾಲೇರಿ ಸುಂಟಿಕೊಪ್ಪಕ್ಕೆ ದೂರದ್ದೇನಲ್ಲ. ಆದರೂ ಸುಂಟಿಕೊಪ್ಪ ಪೇಟೆಯಾದದ್ದು ಅರಸರ ಕಾಲ ಮುಗಿದ ಮೇಲೆ.

ಅದಕ್ಕೆ ಎರಡು ಕಾರಣ ಕೂಡಿಬಂದವು. ಮೊದಲನೆಯದು ರಸ್ತೆ.

1834ರ ಏಪ್ರಿಲ್‌ನಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಮೇ ತಿಂಗಳಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ಅರಸರಿಗೆ ದುರ್ಗಮವಾದ ದಾರಿಯೇ ರಕ್ಷಣೆಯಾಗಿತ್ತು. ಕಾಡು, ಕಡಂಗವೆಂಬ ಕಂದಕ, ಕಣಿವೆಯ ಬಾಗಿಲುಗಳನ್ನು ನಂಬಿ ಅವರು ನಾಡು ಕಾಯ್ದಿದ್ದರು. ಹೊಸ ಸರ್ಕಾರಕ್ಕೆ ಅದೇ ಅಡ್ಡಿ. ಫ್ರೇಜರ್‌ಪೇಟೆಯಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯಾಯಿತು, ಮೈಸೂರಿನಿಂದ ಮಡಿಕೇರಿಗೆ ಗಾಡಿ ಓಡುವಂಥ ರಸ್ತೆಯಾಯಿತು, ಅಲ್ಲಿಂದ ಮುಂದೆ ಸಂಪಾಜೆ ಘಟ್ಟ ಇಳಿದು ಮಂಗಳೂರಿಗೂ ದಾರಿ ತೆರೆಯಿತು. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150 ಮೀಟರ್. ಗುಡ್ಡೆಹೊಸೂರು, ಆನೆಕಾಡು, ಏಳನೇ ಹೊಸಕೋಟೆ ದಾಟಿ ಬರುವ ಎತ್ತಿನ ಗಾಡಿಗೆ ಇದು ಪೂರ್ತಿ ಏರುದಾರಿ. ಕೆದಕಲ್, ಬೋಯಿಕೇರಿಯ ಏರು ಇನ್ನೂ ಮುಂದಿದೆ. ಎತ್ತಿಗೆ ನೀರು, ಗಾಡಿಯವನಿಗೆ ಗಂಜಿ, ಇಬ್ಬರಿಗೂ ಒಂದಿಷ್ಟು ನೆರಳು ಬೇಕಾದ ಜಾಗ ಸುಂಟಿಕೊಪ್ಪ. ಮಾದಾಪುರದ ಕಡೆಯಿಂದ ಬರುವ ದಾರಿಯೂ ಇಲ್ಲೇ ಹೆದ್ದಾರಿಯನ್ನು ಸೇರುತ್ತದೆ. ದಾರಿ ಕೂಡುವಲ್ಲಿ ಅಂಗಡಿ ಏಳುವುದು ಎಲ್ಲ ಊರಿನ ನಿಯಮ.

ಲೈನ್ ಮನೆಗಳು

ಎರಡನೆಯ ಕಾರಣ ಕಾಫಿ. ಮನೆಯ ಹಿತ್ತಿಲಲ್ಲಿ ನಾಲ್ಕು ಕಾಫಿ ಗಿಡ ಬೆಳೆಸುವುದು ಅರಸರ ಕಾಲದಲ್ಲೇ ಇತ್ತು. ಅದನ್ನು ತೋಟವಾಗಿ ಮೊದಲು ಮಾಡಿದ ಯುರೋಪಿಯನ್ ಎಂದು ಜಾನ್ ಫೌಲರ್‌ನ ಹೆಸರು ಹೇಳುತ್ತಾರೆ. 1854ರಲ್ಲಿ ಆತ ಮಡಿಕೇರಿಯ ಬಳಿ ತೋಟ ತೆರೆದ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಘಟ್ಟದ ನೆತ್ತಿಯಲ್ಲೂ ಪೂರ್ವದ ಇಳಿಜಾರಿನಲ್ಲೂ ಕಾಡು ಬಿದ್ದು ಕಾಫಿ ಎದ್ದಿತು. ನೆತ್ತಿಯ ಮಳೆಗಾಡಿನಲ್ಲಿ ಮರಗಳನ್ನೆಲ್ಲ ಕಡಿದು ಬರಿ ಬಿಸಿಲಿಗೆ ನೆಟ್ಟ ಗಿಡಗಳು ಹೆಚ್ಚು ಕಾಲ ಉಳಿಯಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟಕ್ಕೆ ತೋಟವನ್ನೇ ಒಣಗಿಸಿತು. ಅದರ ಬೆನ್ನಿಗೆ ಎಲೆತುಕ್ಕು ರೋಗ ಬಂತು. ಆಗ ಪ್ಲಾಂಟರುಗಳ ಕಣ್ಣು ಬಿದ್ದದ್ದು ಪೂರ್ವದ ಬಿದಿರು ಸೀಮೆಯ ಮೇಲೆ. ಅಲ್ಲಿ ಮಳೆ ಕಡಿಮೆ, ನೆರಳಿನ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಕಾಫಿ ಬೆಳೆಯುವ ಕ್ರಮ ಅಲ್ಲಿ ನೆಲೆಯೂರಿತು. ಇಂದು ಸುಂಟಿಕೊಪ್ಪದ ಸುತ್ತ ಕಾಣುವ ತೋಟಗಳಲ್ಲೂ ನಡೆದಿರುವುದು ಆ ಕ್ರಮವೇ. ಮೇಲೆ ಹಲಸು, ಬಳಂಜಿ, ಸಿಲ್ವರ್ ಓಕ್, ಅವುಗಳ ಮೈಗೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ.

ತೋಟ ಮಾಡಲು ದುಡ್ಡು ಬಂತು, ದೊರೆ ಬಂದ, ಬಂಗಲೆಯೂ ಎದ್ದಿತು. ಕೆಲಸಕ್ಕೆ ಜನ ಎಲ್ಲಿ? ಕೊಡಗಿನ ಒಕ್ಕಲು ತನ್ನ ಗದ್ದೆ ಬಿಟ್ಟು ಕೂಲಿಗೆ ಬರುವವನಲ್ಲ. ತಲೆತಲಾಂತರದಿಂದ ಜಮ್ಮದ (ವಂಶಪಾರಂಪರ್ಯದ ಭೂಮಿಯ) ಆಳುಗಳಾಗಿ ದುಡಿದ ಹೊಲೆಯರನ್ನು, ಎರವರನ್ನು 1843ರ ಗುಲಾಮಗಿರಿ ವಿರೋಧಿ ಕಾಯ್ದೆ ಕಾಗದದ ಮೇಲೆ ಬಿಡಿಸಿತ್ತು. ಆದರೆ ಅವರ ಕೈಗಳೂ ಸಾಲವು. ಹೀಗಾಗಿ ಜನ ಹೊರಗಿನಿಂದಲೇ ಬರಬೇಕಾಯಿತು. ಮೈಸೂರು ಸೀಮೆಯ ಒಣ ತಾಲ್ಲೂಕುಗಳಿಂದ, ತಮಿಳುನಾಡಿನಿಂದ, ಮಲಬಾರಿನಿಂದ, ತುಳುನಾಡಿನಿಂದ ಅವರು ಬಂದರು. 1876–78ರ ಮಹಾಬರ ಮೈಸೂರು ಸೀಮೆಯನ್ನು ಹಿಂಡಿದ ಮೇಲಂತೂ ಹಸಿದವರಿಗೆ ಘಟ್ಟದ ಹಾದಿ ಗಂಜಿಯ ಹಾದಿಯಾಗಿ ಕಂಡಿತು.

ಕರೆತರುವವನು ಮೇಸ್ತ್ರಿ. ಊರಿಗೆ ಹೋಗಿ ಮುಂಗಡ ಕೊಟ್ಟು, ಆಳು ಕಟ್ಟಿಕೊಂಡು ಬರುತ್ತಿದ್ದ. ಮದುವೆಗೋ, ಸಾಲಕ್ಕೋ, ಎತ್ತಿಗೋ ಪಡೆದ ಆ ಮುಂಗಡ ಕೊರಳಿಗೆ ಕಟ್ಟಿದ ಹಗ್ಗ. 1859ರ ಕಾಯ್ದೆಯೊಂದರ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟುಹೋದವನು ಅಪರಾಧಿ. ಅವನನ್ನು ಹಿಡಿಸಿ ತರಿಸಬಹುದು, ಜೈಲಿಗೂ ಹಾಕಿಸಬಹುದು. 1920ರ ದಶಕದವರೆಗೂ ಆ ಕಾಯ್ದೆ ಜಾರಿಯಲ್ಲಿತ್ತು. ಕೊಡಗಿನ ಕಾಫಿಯ ಘಮವನ್ನು ಹೊಗಳುವ ಯಾರೇ ಆಗಲಿ ಈ ಒಂದು ಸಂಗತಿಯನ್ನು ತಿಳಿದಿರಲೇಬೇಕು ಎಂದು ನನಗೆ ಅನಿಸುತ್ತದೆ. ಈ ತೋಟಗಳ ಹಳೆಯ ಸಾಲುಗಳಲ್ಲಿ ಎಷ್ಟೋ ಗುಂಡಿಗಳನ್ನು ತೋಡಿದ ಕೈಗಳಿಗೆ ಹೊರಟುಹೋಗುವ ಹಕ್ಕಿರಲಿಲ್ಲ.

ಬಂದವರಿಗೆ ತೋಟದೊಳಗೆ ಕಟ್ಟಿಕೊಟ್ಟದ್ದು ಲೈನ್. ಒಂದೇ ಉದ್ದದ ಮಾಡು, ಅದರಡಿಯಲ್ಲಿ ಅಡ್ಡಗೋಡೆ ಹಾಕಿ ಮಾಡಿದ ಕೋಣೆಗಳು, ಮನೆಗೊಂದು ಕೋಣೆ. ಮುಂದೆ ಒಬ್ಬರು ಮಲಗುವಷ್ಟು ಜಗಲಿ. ಒಳಗೆ ಒಂದು ಮೂಲೆಯಲ್ಲಿ ಒಲೆ. ಹೊಗೆ ಹೋಗಲು ಬೇರೆ ದಾರಿಯಿಲ್ಲದೆ ಮಾಡಿನ ತೊಲೆಗಳು ಕರಿಹಿಡಿದು ಹೊಳೆಯುತ್ತಿದ್ದವು. ಮುಂಗಾರಿನ ಮೂರು ತಿಂಗಳು ಆ ಒಲೆಯ ಮೇಲೆಯೇ ಬಟ್ಟೆ ಒಣಗಬೇಕು, ಸೌದೆಯೂ ಒಣಗಬೇಕು. ಗೋಡೆಯ ಆಚೆಯ ಕೆಮ್ಮು ಈಚೆ ಕೇಳುತ್ತಿತ್ತು. ತಮಿಳಿನ ಜೋಗುಳ ಕೇಳುತ್ತ ಕನ್ನಡದ ಕೂಸು ಮಲಗುತ್ತಿತ್ತು. ಬೆಳಗ್ಗೆ ನೇತುಹಾಕಿದ ಕಬ್ಬಿಣದ ತುಂಡಿಗೆ ಬಡಿದರೆ ಅದೇ ಗಂಟೆ. ಹಾಜರಿ ಜಾಗದಲ್ಲಿ ಎಲ್ಲರೂ ಸಾಲು ನಿಲ್ಲಬೇಕು, ರೈಟರ್ ಚೆಕ್‌ರೋಲ್ ಪುಸ್ತಕ ಬಿಡಿಸಿ ಹೆಸರು ಕೂಗಬೇಕು. ಚಳಿಜ್ವರ ಬಂದರೆ ಆ ಸಾಲಿನಲ್ಲಿ ಅಲ್ಲಲ್ಲಿ ತೆರವು ಬೀಳುತ್ತಿತ್ತು. ಬಿದಿರು ಸೀಮೆಯ ಮಲೇರಿಯಾ ಎಷ್ಟೋ ಲೈನ್‌ಗಳನ್ನು ಬರಿದು ಮಾಡಿದ್ದುಂಟು.

ಭಾನುವಾರದ ಊರು

ತೋಟಗಳಿಗೆ ರಜೆ ಭಾನುವಾರ. ಸುಂಟಿಕೊಪ್ಪದ ಸಂತೆಯೂ ಭಾನುವಾರವೇ. ಈ ಎರಡರ ಹೊಂದಿಕೆಯಲ್ಲಿ ಊರಿನ ಹುಟ್ಟಿನ ಗುಟ್ಟಿದೆ. ಮಡಿಕೇರಿಗೆ ಶುಕ್ರವಾರದ ಸಂತೆ, ಸೋಮವಾರಪೇಟೆಗೆ ಸೋಮವಾರ, ಶನಿವಾರಸಂತೆಗೆ ಶನಿವಾರ. ದುಡಿಯುವವನ ಬಿಡುವಿನ ದಿನ ಸಿಕ್ಕಿದ್ದು ಸುಂಟಿಕೊಪ್ಪಕ್ಕೆ. ಬಟವಾಡೆಯ ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೆಂಗಸರು ತೋಟದ ಒಳದಾರಿಗಳಿಂದ ಇಳಿದು ಬರುತ್ತಿದ್ದರು. ಒಣಮೀನು, ಬೆಲ್ಲ, ಹೊಗೆಸೊಪ್ಪು, ಎಲೆ ಅಡಿಕೆ, ರಾಗಿ, ಸೀಮೆಎಣ್ಣೆ, ಮಕ್ಕಳಿಗೆ ಒಂದು ಪೊಟ್ಟಣ ಖಾರ. ಊರ ಕಡೆಯವರು ಸಿಗುವುದೂ ಅಲ್ಲೇ, ಸತ್ತವರ ಸುದ್ದಿ ತಿಳಿಯುವುದೂ ಅಲ್ಲೇ, ಮಗಳಿಗೆ ಗಂಡು ಗೊತ್ತಾಗುವುದೂ ಅಲ್ಲೇ. ಆರು ದಿನ ಚೆಕ್‌ರೋಲಿನಲ್ಲಿ ಒಂದು ಸಾಲಾಗಿದ್ದವರು ಏಳನೆಯ ದಿನ ಸಂತೆಯಲ್ಲಿ ಗಿರಾಕಿಯಾಗಿ, ನೆಂಟರಾಗಿ, ಗೆಳೆಯರಾಗಿ ಮನುಷ್ಯರಾಗುತ್ತಿದ್ದರು.

ಸಂತೆಯ ಸುತ್ತ ಪೇಟೆ ಬೆಳೆಯಿತು. ಹಳೆಯ ಪೇಟೆಮನೆಯೊಂದನ್ನು ಹತ್ತಿರದಿಂದ ನೋಡಿದರೆ ಅದರ ಲೆಕ್ಕಾಚಾರ ತಿಳಿಯುತ್ತದೆ. ರಸ್ತೆಗೆ ಮುಖವಾಗಿ ಅಂಗಡಿ. ಹಗಲು ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸಬೇಕು, ರಾತ್ರಿ ಅದೇ ಕ್ರಮದಲ್ಲಿ ಜೋಡಿಸಬೇಕು. ಹಲಗೆ ಅದಲುಬದಲಾಗದಿರಲು ಪ್ರತಿಯೊಂದರ ಮೇಲೆ ಒಂದು ಗುರುತು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಬಾವಿ, ಬಾವಿಯ ಹಿಂದಕ್ಕೆ ಕಾಫಿ ತೋಟದ ಬೇಲಿ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಘಟ್ಟದ ಮೇಲಿನ ಊರುಗಳು ಮೆಲ್ಲಗೆ ಹುಲ್ಲುಮಾಡಿನಿಂದ ಹೆಂಚಿಗೆ ಬದಲಾದವು. ಕಾಫಿ ಹೊತ್ತ ಗಾಡಿಗಳು ಹುಣಸೂರಿನ ಮತ್ತು ಮಂಗಳೂರಿನ ಕ್ಯೂರಿಂಗ್ ಕೇಂದ್ರಗಳಿಗೆ ಇಳಿಯುತ್ತಿದ್ದವು, ಹೆಂಚು, ಉಪ್ಪು, ಒಣಮೀನುಗಳ ಗಾಡಿಗಳು ಹತ್ತುತ್ತಿದ್ದವು. ಈ ಪೇಟೆಯ ನೆತ್ತಿಯ ಮೇಲಿರುವುದು ಕರಾವಳಿಯ ಮಣ್ಣು.

ಭಾಷೆಯ ವಿಷಯದಲ್ಲೂ ಹಾಗೆಯೇ. ಮಾಪಿಳ್ಳೆ ವ್ಯಾಪಾರಿಯ ಮಲಯಾಳ, ಲೈನ್‌ನವರ ತಮಿಳು, ಕರಾವಳಿಯ ಕ್ರೈಸ್ತರ ಕೊಂಕಣಿ, ಬೇಕರಿಯವನ ತುಳು, ಗೌಡರ ಅರೆಭಾಷೆ, ಕೊಡವ ತಕ್ಕ್, ಮೈಸೂರು ಕಡೆಯ ಕನ್ನಡ. ಒಂದೇ ವ್ಯಾಪಾರದಲ್ಲಿ ಮೂರು ಭಾಷೆ ಹಾದುಹೋಗುವುದು ಈ ಊರಿನಲ್ಲಿ ದಿನನಿತ್ಯದ ಮಾತು. ಮುತ್ತಪ್ಪನ ಗುಡಿ, ರಾಮಮಂದಿರ, ಮಸೀದಿ, ಸಂತ ಅಂತೋಣಿಯವರ ದೇವಾಲಯ ಎಲ್ಲವೂ ನಡೆದು ಮುಟ್ಟುವಷ್ಟು ದೂರದಲ್ಲಿವೆ. ಒಬ್ಬೊಬ್ಬರೂ ಬರುವಾಗ ತಮ್ಮ ದೇವರನ್ನು ಜೊತೆಗೆ ಕರೆತಂದರು. ಮುತ್ತಪ್ಪ ಮಲಬಾರಿನಿಂದ ಬಂದ ದೇವರು, ಬೇಟೆಯವನ ರೂಪ, ಕಳ್ಳು ಮೀನು ನೈವೇದ್ಯ, ನಾಯಿ ಒಡನಾಡಿ. ತೆರೆಯ ವೇಷ ಕಟ್ಟಿದಾಗ ಭಕ್ತರ ಕೈಹಿಡಿದು ಕಷ್ಟಸುಖ ವಿಚಾರಿಸುತ್ತಾನೆ. ಊರು ಬಿಟ್ಟು ಬಂದವನಿಗೆ ಅಂಥ ದೇವರೇ ಬೇಕು.

1934, ಗುಂಡುಕುಟ್ಟಿ

ಈ ಊರಿನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಉಳಿದದ್ದು ಒಬ್ಬ ಹೆಣ್ಣುಮಗಳಿಂದ. ಮಡಿಕೇರಿಯ ವಕೀಲ ಎನ್.ಎಸ್. ರಾಮಯ್ಯನವರ ಮಗಳು ಗೌರಮ್ಮ, ಹುಟ್ಟಿದ್ದು 1912ರಲ್ಲಿ. ಎಳೆಯ ವಯಸ್ಸಿನಲ್ಲೇ ಶುಂಠಿಕೊಪ್ಪದ ಬಿ.ಟಿ. ಗೋಪಾಲಕೃಷ್ಣ ಅವರೊಂದಿಗೆ ಮದುವೆಯಾಯಿತು. ಅವರು ಗುಂಡುಕುಟ್ಟಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ಮ್ಯಾನೇಜರರಾಗಿದ್ದರು. ಹೀಗೆ ಗೌರಮ್ಮ ತೋಟದ ಬದುಕಿಗೆ ಬಂದರು. ದೊರೆಯ ಬಂಗಲೆಗೂ ಲೈನ್‌ಗೂ ನಡುವಿನ ಮನೆ ಅದು. ತೋಟದ ಮ್ಯಾನೇಜರರ ಮನೆ ಯಾವತ್ತೂ ಆ ಎರಡರ ನಡುವೆಯೇ ಇರುತ್ತದೆ, ಎರಡೂ ಕಡೆಯ ಮಾತು ಅಲ್ಲಿಗೆ ಕೇಳುತ್ತದೆ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದರು. ಅದು ಹರಿಜನ ಯಾತ್ರೆ. ಹಿಂದಿನ ವರ್ಷದ ನವೆಂಬರ್‌ನಲ್ಲಿ ಆರಂಭಿಸಿ ಒಂಬತ್ತು ತಿಂಗಳ ಕಾಲ ದೇಶ ಸುತ್ತಿ, ಅಸ್ಪೃಶ್ಯತೆಯ ವಿರುದ್ಧ ಮಾತನಾಡಿ, ಹರಿಜನ ನಿಧಿಗೆ ಕಾಸು ಬಂಗಾರ ಬೇಡುತ್ತ ನಡೆದ ಯಾತ್ರೆ. ಮಂಜುನಾಥಯ್ಯನವರು ಕಾಂಗ್ರೆಸ್ಸಿನ ಒಲವುಳ್ಳವರು, ಗಾಂಧೀಜಿ ಅವರ ಗುಂಡುಕುಟ್ಟಿ ತೋಟಕ್ಕೆ ಬರುವುದು ಗೊತ್ತಾಗಿತ್ತು. ಮ್ಯಾನೇಜರರ ಹೆಂಡತಿಗೆ ಒಂದೇ ಹಟ. ಮಹಾತ್ಮರು ತಮ್ಮ ಮನೆಗೂ ಬರಬೇಕು, ಬರುವವರೆಗೆ ಊಟವಿಲ್ಲ. ಗಾಂಧೀಜಿಯ ಅಸ್ತ್ರವನ್ನು ಗಾಂಧೀಜಿಯ ಮೇಲೆಯೇ ಹೂಡಿದ ಆ ಹುಡುಗಿಗೆ ಆಗ ಇಪ್ಪತ್ತೆರಡು ತುಂಬಿರಲಿಲ್ಲ. ಸುದ್ದಿ ಮುಟ್ಟಿತು, ಗಾಂಧೀಜಿ ಬಂದರು. ಗೌರಮ್ಮ ಮಾಂಗಲ್ಯದಂಥ ಮುತ್ತೈದೆ ಗುರುತುಗಳನ್ನು ಉಳಿಸಿಕೊಂಡು ಮೈಮೇಲಿನ ಒಡವೆಗಳನ್ನು ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಗೌರಮ್ಮನ ದೊಡ್ಡ ಗುಣ ಹೇಳಲು ಎತ್ತಿಕೊಳ್ಳುತ್ತಾರೆ. ಅದು ನಡೆದ ಜಾಗವನ್ನು ಸೇರಿಸಿ ನೋಡಿದರೆ ಅದರ ತೂಕ ಇನ್ನೂ ಹೆಚ್ಚುತ್ತದೆ. ಮುಂಗಡದ ಕಾಯ್ದೆ ಹೋಗಿ ಆಗ ಹತ್ತು ವರ್ಷವೂ ಆಗಿರಲಿಲ್ಲ. ತೋಟಗಳ ಲೈನ್‌ಗಳಲ್ಲಿ ಇದ್ದವರಲ್ಲಿ ಎಷ್ಟೋ ಮಂದಿ ಯಾರಿಗಾಗಿ ಆ ನಿಧಿ ಕೂಡುತ್ತಿತ್ತೋ ಆ ಜನವೇ. ಮೇಲಿನ ಜಾತಿಯ ತೋಟದ ಮನೆಯೊಂದರ ಅಂಗಳದಲ್ಲಿ, ಕೂಲಿಯ ಗಂಟೆ ಕೇಳುವಷ್ಟು ದೂರದಲ್ಲಿ, ಒಬ್ಬ ಹೆಣ್ಣುಮಗಳು ಒಡವೆ ಬಿಚ್ಚಿದಳು. ದೂರದ ಹರಿಜನರಿಗೆ ಕೊಟ್ಟ ದಾನವೆಂದು ಅದನ್ನು ಓದಲು ನನ್ನಿಂದಾಗದು. ಅದು ನೆರೆಯವರ ಲೆಕ್ಕ.

ಅದೇ ವರ್ಷಗಳಲ್ಲಿ ಗೌರಮ್ಮ ಕತೆ ಬರೆಯುತ್ತಿದ್ದರು. ಪತ್ರಿಕೆಗಳಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಅವು ಬಂದವು. ವಿಧವೆಯರ ಪಾಡು, ಹೆಣ್ಣಿನ ಮನಸ್ಸು ಕೇಳದೆ ಆಗುವ ಮದುವೆ, ಜಾತಿ ಧರ್ಮ ಮೀರಿದ ಪ್ರೀತಿಗೆ ಸಮಾಜ ವಿಧಿಸುವ ಶಿಕ್ಷೆ, ಇವೇ ಅವರ ವಸ್ತು. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು’ ಎಂಬ ಶೀರ್ಷಿಕೆಗಳೇ ಓದುಗನನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಬದುಕಿದ್ದು ಸಣ್ಣ ಪೇಟೆಯ ಬದಿಯ ತೋಟದಲ್ಲಿ, ಆದರೆ ಟೆನಿಸ್ ಆಡಿದರು, ಈಜು ಕಲಿತರು, ದೂರದ ಲೇಖಕರೊಡನೆ ಪತ್ರ ವ್ಯವಹಾರ ಇಟ್ಟುಕೊಂಡರು. ಕವಿ ದ.ರಾ. ಬೇಂದ್ರೆ ಅವರಿಗೆ ಗೌರಮ್ಮ ತಂಗಿಯಂತೆ. 1939ರ ಏಪ್ರಿಲ್ 13ರಂದು ಹೊಳೆಯಲ್ಲಿ ಈಜಲು ಹೋದ ಗೌರಮ್ಮ ಸುಳಿಗೆ ಸಿಕ್ಕಿ ತೀರಿಕೊಂಡರು. ಇಪ್ಪತ್ತೇಳು ವರ್ಷ. ಬೇಂದ್ರೆ ‘ತಂಗಿ ಗೌರಮ್ಮ’ ಎಂಬ ಕವಿತೆ ಬರೆದು ಅತ್ತರು. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಅವರ ಸಾವಿನ ನಂತರ ಬಂದವು. ಒಟ್ಟು ಕತೆಗಳು ಇಪ್ಪತ್ತೊಂದು. ಮಡಿಕೇರಿಯ ದೀಪಾ ಭಾಸ್ತಿ ಅವುಗಳನ್ನು ಇಂಗ್ಲಿಷಿಗೆ ತಂದದ್ದು 2023ರಲ್ಲಿ. ಎರಡು ವರ್ಷಗಳ ನಂತರ ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದೂ ಇದೇ ದೀಪಾ.

ಲೈನ್‌ನಿಂದ ಬೀದಿಗೆ

ಗೌರಮ್ಮ ತೀರಿಕೊಂಡ ವರ್ಷವೇ ಎರಡನೆಯ ಮಹಾಯುದ್ಧ ಶುರುವಾಯಿತು. ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾಯಿತು. ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾಫಿ ಮಂಡಳಿಯ ಕಾಯ್ದೆ ಬಂತು, ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಕೊಡುವ ಪದ್ಧತಿ ನೆಲೆಯೂರಿತು. ಹತ್ತಿರದ ಚೆಟ್ಟಳ್ಳಿಯಲ್ಲಿ 1946ರಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ತೆರೆಯಿತು. ಸ್ವಾತಂತ್ರ್ಯದ ನಂತರ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೋದರು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂದು ಮನೆ, ನೀರು, ಔಷಧಿ, ಮಕ್ಕಳ ಶಾಲೆ ಮಾಲೀಕರ ಹೊಣೆಯೆಂದಿತು. ಲೈನ್ ಮನೆಯ ಮೇಲೆ ಕೂಲಿಯವನಿಗೆ ಹಕ್ಕಿನಂಥದ್ದು ಮೊದಲ ಬಾರಿಗೆ ಹುಟ್ಟಿತು. 1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರಿಗೆ ಸೇರಿದಾಗ, ಎಂದೋ ಮೈಸೂರಿನ ಗಡಿ ದಾಟಿ ಬಂದವರ ಮೊಮ್ಮಕ್ಕಳು ನಿಂತಲ್ಲೇ ಅಜ್ಜಂದಿರ ರಾಜ್ಯದವರಾದರು.

ಹೀಗೆ ಹೊರಗಿನಿಂದ ಬಂದವರ ಮೊಮ್ಮಕ್ಕಳು ಲೈನ್ ಬಿಟ್ಟು ಪೇಟೆಗೆ ಇಳಿದದ್ದೇ ಸುಂಟಿಕೊಪ್ಪದ ಈಚಿನ ಚರಿತ್ರೆ. ಮೇಸ್ತ್ರಿಯ ಮಗ ದರ್ಜಿಯಾದ, ಅವನ ಮಗಳು ಟೀಚರಾದಳು. ಲಾರಿ ಕ್ಲೀನರ್ ಒಬ್ಬ ಜೀಪು ಕೊಂಡ. ಎರಡು ಸೆಂಟು, ಮೂರು ಸೆಂಟು ಜಾಗದಲ್ಲಿ ಮನೆಗಳು ಎದ್ದವು. ಮಕ್ಕಳು ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಆಡಿದರು, ಆ ಹುಚ್ಚು ಊರಿಗೆಲ್ಲ ಹಿಡಿಯಿತು. ಇಂದಿಗೂ ಕೊಡಗಿನ ಫುಟ್‌ಬಾಲ್ ಎಂದರೆ ನೆನಪಾಗುವ ಹೆಸರುಗಳಲ್ಲಿ ಸುಂಟಿಕೊಪ್ಪದ್ದೂ ಒಂದು. ಚೆಂಡು ಒದೆಯುವವನ ಅಜ್ಜ ಯಾವ ಸೀಮೆಯವನೆಂದು ಮೈದಾನದಲ್ಲಿ ಯಾರೂ ಕೇಳುವುದಿಲ್ಲ.

2018ರ ಆಗಸ್ಟ್‌ನಲ್ಲಿ ಮಳೆ ಕೊಡಗಿನ ಬೆಟ್ಟಗಳನ್ನೇ ಜಾರಿಸಿತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಹಾಲೇರಿಯ ಕಡೆ ಮನೆ, ತೋಟ, ರಸ್ತೆ ಒಂದೇ ರಾತ್ರಿಯಲ್ಲಿ ಕೆಸರಾದವು. ಬಟ್ಟೆಯ ಗಂಟು ಹಿಡಿದು ಜನ ಇಳಿದು ಬಂದ ಪೇಟೆಗಳಲ್ಲಿ ಸುಂಟಿಕೊಪ್ಪವೂ ಒಂದು. ಆಗ ಐನ್‌ಮನೆಯಿದ್ದವರೂ ಲೈನ್‌ನವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಈ ನಾಡಿನ ಹಳೆಯ ಮೇಲುಕೀಳಿನ ಲೆಕ್ಕದಲ್ಲಿ ಅದು ಸಣ್ಣ ಮಾತಲ್ಲ. ಮನೆ ಕಳೆದುಕೊಂಡು ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದು, ಬರಿಗೈಯಲ್ಲಿ ಬಂದವರೇ ಕಟ್ಟಿದ ಈ ಪೇಟೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಹೆಂಚಿನ ಮಾಡುಗಳು ಒಂದೊಂದಾಗಿ ಇಳಿಯುತ್ತಿವೆ, ಕಾಂಕ್ರೀಟು ಏಳುತ್ತಿದೆ. ಇರಲಿ, ಸೋರುವ ಮನೆಯಲ್ಲಿ ಬಾಳಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. ಒಂದನ್ನು ಮಾತ್ರ ಬೇಡಿಕೊಳ್ಳಬೇಕು. ಕೊಡಗಿನ ಒಕ್ಕಗಳ ಚರಿತ್ರೆಗೆ ಐನ್‌ಮನೆಗಳಿವೆ, ಅರಸರ ಚರಿತ್ರೆಗೆ ಕೋಟೆ ಗದ್ದಿಗೆಗಳಿವೆ. ಲೈನ್‌ನಲ್ಲಿ ಹುಟ್ಟಿ ಲೈನ್‌ನಲ್ಲೇ ತೀರಿಕೊಂಡವರ ಹೆಸರು ಬರೆದಿಟ್ಟಿರುವುದು ಒಂದೇ ಕಡೆ. ಅದು ತೋಟದ ಆಫೀಸಿನ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಚೆಕ್‌ರೋಲುಗಳಲ್ಲಿ. 

ಆ ಪುಸ್ತಕಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಎಡಗಡೆ ಹೆಸರು, ನಡುವೆ ದಿನಗಳ ಗೆರೆ, ಬಲಗಡೆ ಕೂಲಿ, ಕೊನೆಗೆ ಮಸಿಯ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಮೊಮ್ಮಗಳು ಈ ಭಾನುವಾರವೂ ಸುಂಟಿಕೊಪ್ಪದ ಸಂತೆಗೆ ಬಂದಿರುತ್ತಾಳೆ. ಅಜ್ಜಿಯ ಹೆಸರನ್ನು ಓದಲು ಅವಳಿಗೆ ಬರುತ್ತದೆ.